ಬಂದವರು 400, ಹೋದದ್ದು 2 ಬಾಟಲಿ

ಮೆಟ್ಟಿಲು ಹತ್ತಿದವರೆಲ್ಲ ಗಿರಾಕಿಗಳಲ್ಲ ಎನ್ನುವ ಜ್ಞಾನ ಅಂಗಡಿ ಇಟ್ಟವನಿಗೆ ಮೊದಲ ವಾರವೇ ಬಂದುಬಿಡುತ್ತದೆ. ಸಾಗರದಂಥ ಊರಿನಲ್ಲಿ, ಅದೂ ಬಸ್‌ಸ್ಟ್ಯಾಂಡಿನ ಆಸುಪಾಸಿನಲ್ಲಿ ಅಂಗಡಿಯಿದ್ದರಂತೂ ಕೇಳುವುದೇ ಬೇಡ. ಮಳೆ ಬಂತೆಂದು ಸೂರಿನಡಿ ನುಗ್ಗಿದವರು, ಐನೂರರ ನೋಟಿಗೆ ಚಿಲ್ಲರೆ ಕೇಳುವವರು, ಸಿಗಂದೂರಿನ ಬಸ್ಸು ಎಷ್ಟು ಹೊತ್ತಿಗೆಂದು ವಿಚಾರಿಸುವವರು, ಪೇಪರ್ ಓದುವವರು, ಮೊಬೈಲ್ ಚಾರ್ಜಿಗೆ ಹಾಕುವವರು, ಪಕ್ಕದ ಅಂಗಡಿಗಿಂತ ಎರಡು ರೂಪಾಯಿ ಕಡಿಮೆಗೆ ಸಿಗುತ್ತದೋ ಎಂದು ತನಿಖೆಗೆ ಬಂದವರು. ಇಷ್ಟೂ ಜನರ ನಡುವೆ ನಿಜವಾಗಿ ಬೆಲ್ಲ ಕೊಳ್ಳಲು ಬಂದವನೊಬ್ಬ ನಿಂತಿರುತ್ತಾನೆ. ಪಳಗಿದ ಅಂಗಡಿಯವನು ಲೆಕ್ಕದ ಪುಸ್ತಕದಿಂದ ತಲೆ ಎತ್ತುವುದು ಅವನೊಬ್ಬನಿಗಾಗಿ ಮಾತ್ರ.

ಅದೇ ಅಂಗಡಿಯವನಿಗೆ ಒಂದು ವೆಬ್‌ಸೈಟ್ ಮಾಡಿಸಿಕೊಡಿ. ಇಷ್ಟು ವರ್ಷ ಗಳಿಸಿದ ವ್ಯಾಪಾರಬುದ್ಧಿಯೆಲ್ಲ ರಾತ್ರಿ ಬೆಳಗಾಗುವುದರೊಳಗೆ ಆವಿ. ಬಂದವರ ಸಂಖ್ಯೆಯೊಂದು ಪರದೆಯ ಮೇಲೆ ಕಂಡರೆ ಸಾಕು, ಅಷ್ಟೂ ಜನ ಕೈಯಲ್ಲಿ ದುಡ್ಡು ಹಿಡಿದು ಸಾಲಿನಲ್ಲಿ ನಿಂತಿದ್ದಾರೆ ಎಂದೇ ನಂಬುತ್ತಾನೆ.

ನಮ್ಮ ಭಾವನನ್ನೇ ತೆಗೆದುಕೊಳ್ಳಿ. ಅಪ್ಪೆಮಿಡಿ ಉಪ್ಪಿನಕಾಯಿ ವ್ಯಾಪಾರ. ಉಪ್ಪಿನಕಾಯಿ ಹಾಕುವುದು ಅಕ್ಕ, ವ್ಯಾಪಾರ ಮಾಡುವುದು ಭಾವ. ಹಾಗೆಂದು ಹೇಳುವುದು ಭಾವ. ಅಕ್ಕನನ್ನು ಕೇಳಿದರೆ ಎರಡನೆಯ ಭಾಗದ ಬಗ್ಗೆ ಸ್ವಲ್ಪ ತಕರಾರಿದೆ. ಶರಾವತಿ, ಅಘನಾಶಿನಿಯ ದಡದ ಕಾಡುಮರಗಳ ಮಿಡಿ ಅದು. ತೊಟ್ಟಿನ ಸಮೇತ ಕೈಯಲ್ಲಿ ಕೊಯ್ಯಬೇಕು, ನೆಲಕ್ಕೆ ಬಿದ್ದರೆ ಬಾಳಿಕೆಯಿಲ್ಲ. ಸೊನೆಯಲ್ಲೇ ಪರಿಮಳ. ಉಪ್ಪಿನಲ್ಲಿ ಸುಕ್ಕುಗಟ್ಟಿದ ಮೇಲೆ ಸಾಸಿವೆ ಖಾರ ಕಲಸಿ ಜಾಡಿಗೆ ತುಂಬಿದರೆ ವರ್ಷಗಟ್ಟಲೆ ಕೆಡುವುದಿಲ್ಲ. ಅನಂತ ಭಟ್ಟನ ಅಪ್ಪೆ, ಜೀರಿಗೆ ಮಿಡಿ ಎಂದೆಲ್ಲ ಮರಕ್ಕೊಂದು ಹೆಸರು, ಮನೆಗೊಂದು ವಾದ. ಇಂಥ ಘನವಾದ ಪದಾರ್ಥವನ್ನು ಜಗತ್ತಿಗೆ ತಲುಪಿಸಬೇಕೆಂದು ಭಾವ ವೆಬ್‌ಸೈಟ್ ಮಾಡಿಸಿದರು. ಮಾಡಿಸಿದ ಮರುವಾರವೇ ನನಗೆ ಫೋನು.

"ಎಂತ ಮಾರಾಯ, ನಿನ್ನೆ ಒಂದೇ ದಿನ 400 ಜನ!"

"ಎಷ್ಟು ಬಾಟಲಿ ಹೋಯ್ತು ಭಾವಯ್ಯ?"

ಆ ಕಡೆ ಸ್ವಲ್ಪ ಮೌನ. "ಎರಡು. ಅದರಲ್ಲಿ ಒಂದು ಮೈಸೂರಿನ ನಿನ್ನ ಚಿಕ್ಕಮ್ಮ."

ಬೆಂಗಳೂರಿನಲ್ಲಿ ಇದ್ದವರಿಗೆಲ್ಲ ಕಂಪ್ಯೂಟರ್ ಬರುತ್ತದೆ ಎನ್ನುವುದು ನಮ್ಮ ಸಾಗರ ಸೀಮೆಯ ಅಚಲ ನಂಬಿಕೆ. ಹಾಗಾಗಿ ಉಳಿದ 398 ಜನ ಯಾರು, ಎಲ್ಲಿಂದ ಬಂದರು, ಕೈಬೀಸಿಕೊಂಡು ಯಾಕೆ ಹೋದರು ಎಂಬ ತನಿಖೆ ನನ್ನ ಪಾಲಿಗೆ ಬಂತು.

ಮೊದಲನೆಯದಾಗಿ, ಆ 400 ಎಂಬ ಸಂಖ್ಯೆ ವೆಬ್‌ಸೈಟಿಗೆ ಜಾಗ ಕೊಟ್ಟ ಕಂಪನಿಯ ಪುಟದಲ್ಲಿ ಕಂಡದ್ದು. ಅಲ್ಲಿ ತೋರಿಸುವುದು ಹಿಟ್ಸ್. 1990ರ ದಶಕದಲ್ಲಿ ವೆಬ್‌ಪುಟಗಳ ಬುಡದಲ್ಲಿ ಅಂಕಿ ತಿರುಗುವ ಡಬ್ಬಿಯೊಂದು ಇರುತ್ತಿತ್ತು, ನೆನಪಿರಬಹುದು. "ನೀವು ನಮ್ಮ 10,243ನೆಯ ಅತಿಥಿ" ಎಂದು ಅದು ಹೇಳಿದರೆ ನಮಗೂ ಏನೋ ಸನ್ಮಾನವಾದ ಹಾಗೆ. ಹಿಟ್ಸ್ ಲೆಕ್ಕ ಅದಕ್ಕಿಂತಲೂ ಉದಾರಿ. ಪುಟ ತೆರೆದಾಗ ಸರ್ವರಿನಿಂದ ಎಷ್ಟು ಕಡತ ಇಳಿಯುತ್ತದೋ ಅಷ್ಟೂ ಒಂದೊಂದು ಹಿಟ್. ಭಾವ ಮುಖಪುಟದಲ್ಲಿ ಬಾಟಲಿಯ ಚಿತ್ರ, ಮರದ ಚಿತ್ರ, ಜಾಡಿಯ ಚಿತ್ರ, ಮಿಡಿ ಕೊಯ್ಯುವ ಚಿತ್ರ, ಜೊತೆಗೆ ತಾನು ನಿಂತುಕೊಂಡ ಚಿತ್ರ ಮೂರು ಹಾಕಿದ್ದರು. ಒಬ್ಬ ಬಂದು ಒಂದು ಸಲ ಇಣುಕಿದರೆ ಹತ್ತು ಹನ್ನೆರಡು ಹಿಟ್ ಗ್ಯಾರಂಟಿ. ಸಂಖ್ಯೆ ಹೆಚ್ಚಿಸಬೇಕಾದರೆ ಗಿರಾಕಿ ಬೇಡ, ಇನ್ನೆರಡು ಫೋಟೊ ಹಾಕಿಕೊಂಡರೂ ಆಯಿತು. ಇದನ್ನು ಹೇಳಬಾರದಿತ್ತೇನೋ, ಭಾವನ ಮುಖದಲ್ಲಿ ಒಂದು ಕ್ಷಣ ಆಸೆ ಮಿಂಚಿ ಮರೆಯಾಯಿತು.

ಹಿಟ್ಸ್ ಬಿಟ್ಟು ಮನುಷ್ಯರನ್ನು ಲೆಕ್ಕ ಹಾಕುವ ಸಲಕರಣೆ ಬೇಕೆಂದು ಗೂಗಲ್ ಅನಲಿಟಿಕ್ಸ್ ಹಾಕಿಸಿದೆವು. ಇದು ಗೂಗಲ್ ಮನೆಯಲ್ಲೇ ಹುಟ್ಟಿದ ಕೂಸಲ್ಲ. ಸ್ಯಾನ್ ಡಿಯಾಗೋದಲ್ಲಿ ಅರ್ಚಿನ್ ಎಂಬ ಕಂಪನಿಯಿತ್ತು. ಅದನ್ನು ಗೂಗಲ್ 2005ರಲ್ಲಿ ಕೊಂಡು, ಅದೇ ವರ್ಷ ನವೆಂಬರಿನಲ್ಲಿ ಎಲ್ಲರಿಗೂ ಪುಕ್ಕಟೆ ಕೊಟ್ಟಿತು. ಅಲ್ಲಿಯವರೆಗೆ ದೊಡ್ಡ ಕಂಪನಿಗಳು ದುಡ್ಡು ಸುರಿದು ನೋಡುತ್ತಿದ್ದ ಗ್ರಾಫು, ಅಂದಿನಿಂದ ಉಪ್ಪಿನಕಾಯಿ ಮಾರುವವನಿಗೂ ಹಪ್ಪಳ ಮಾರುವವನಿಗೂ ಕಾಣತೊಡಗಿತು. ಪುಕ್ಕಟೆ ಯಾಕೆ ಕೊಟ್ಟರು ಎಂದು ಅಕ್ಕ ಕೇಳಿದಳು. ನಿಮ್ಮ ಅಂಗಡಿಗೆ ಬಂದವರ ಸಮಾಚಾರ ಅವರಿಗೂ ಸಿಗುತ್ತದೆ, ನಾಳೆ ನೀವು ಜಾಹೀರಾತು ಕೊಡುವುದೂ ಅವರಲ್ಲೇ ಎಂದೆ. "ಹಂಗಾದ್ರೆ ಪುಕ್ಕಟೆ ಅಲ್ಲ" ಎಂದು ಹೇಳಿ ಒಳಗೆ ಹೋದಳು.

ಹೊಸ ಸಲಕರಣೆ ಹಾಕಿದ ದಿನವೇ 400 ಇದ್ದದ್ದು ಎರಡಂಕಿಗೆ ಇಳಿಯಿತು. ಭಾವ ಕುಸಿದು ಕೂತರು. ಹಿಟ್ಸ್ ಭ್ರಮೆ ಕಳಚಿದ್ದು ಒಂದು ಭಾಗ. ಯಂತ್ರಗಳು ಉದುರಿದ್ದು ಇನ್ನೊಂದು ಭಾಗ. ಗೂಗಲ್‌ಬಾಟ್, ಬಿಂಗ್‌ಬಾಟ್, ಕೃತಕ ಬುದ್ಧಿಮತ್ತೆಯವರ ಜಿಪಿಟಿಬಾಟ್, ಇನ್ನೂ ಹೆಸರೇ ಹೇಳದ ನೂರಾರು ಬಾಟ್‌ಗಳು ಹಗಲು ರಾತ್ರಿ ಎಲ್ಲರ ವೆಬ್‌ಸೈಟೂ ಸುತ್ತುತ್ತಿರುತ್ತವೆ. ಇಂಪರ್ವಾ ಎಂಬ ಭದ್ರತಾ ಸಂಸ್ಥೆಯ ವರದಿಯ ಪ್ರಕಾರ 2024ರಲ್ಲಿ ಅಂತರ್ಜಾಲದ ಓಡಾಟದಲ್ಲಿ ಶೇ. 51ರಷ್ಟು ಯಂತ್ರಗಳದ್ದೇ. ಅಂದರೆ ಮನುಷ್ಯರು ಅಲ್ಪಸಂಖ್ಯಾತರು. ಈ ಯಂತ್ರಗಳಿಗೆ "ಇಂಥ ಕೋಣೆಗೆ ಬರಬೇಡಿ" ಎಂದು ಬಾಗಿಲಲ್ಲಿ ಚೀಟಿ ಅಂಟಿಸುವ ಪದ್ಧತಿಯನ್ನು 1994ರಲ್ಲೇ ಮಾರ್ಟೈನ್ ಕೋಸ್ಟರ್ ಎಂಬುವರು ಸೂಚಿಸಿದ್ದರು. ರೋಬೋಟ್ಸ್ ಡಾಟ್ ಟಿಎಕ್ಸ್‌ಟಿ ಎಂದು ಅದರ ಹೆಸರು. ಮರ್ಯಾದಸ್ಥ ಬಾಟ್‌ಗಳು ಚೀಟಿ ಓದಿ ನಡೆದುಕೊಳ್ಳುತ್ತವೆ. ಉಳಿದವು ನೇರ ಅಡುಗೆಮನೆಗೆ.

ಗೊತ್ತಿರುವ ಬಾಟ್‌ಗಳನ್ನು ಅನಲಿಟಿಕ್ಸ್ ತಾನೇ ಸೋಸುತ್ತದೆ. ಗೊತ್ತಿಲ್ಲದವು ಮನುಷ್ಯರ ವೇಷದಲ್ಲಿ ಒಳಗೆ ಬರುತ್ತವೆ. ಅದರಿಂದಲೇ ಆಶ್‌ಬರ್ನ್ ಪ್ರಕರಣ ನಡೆದದ್ದು.

ಒಂದು ಬೆಳಿಗ್ಗೆ ಭಾವ ಭೂಪಟದ ಮೇಲೆ ಬೆರಳಿಟ್ಟು ಕೂತಿದ್ದರು. ಅಮೆರಿಕದ ವರ್ಜೀನಿಯಾದಲ್ಲಿ ಆಶ್‌ಬರ್ನ್ ಎಂಬ ಊರು. ಪ್ರತಿದಿನ ಅಲ್ಲಿಂದ ಏಳೆಂಟು ಜನ. "ನಮ್ಮವರು ಅಲ್ಲಿ ಬೇಕಾದಷ್ಟು ಇದ್ದಿರಬೇಕು, ಒಬ್ಬರಿಂದ ಒಬ್ಬರಿಗೆ ಸುದ್ದಿ ಮುಟ್ಟಿದೆ" ಎಂದು ವಿಮಾನದಲ್ಲಿ ಉಪ್ಪಿನಕಾಯಿ ಕಳಿಸುವ ದರಪಟ್ಟಿಯನ್ನೂ ತರಿಸಿ ಇಟ್ಟಿದ್ದರು. ಆಶ್‌ಬರ್ನ್ ಎಂದರೆ ಡೇಟಾ ಸೆಂಟರುಗಳ ರಾಜಧಾನಿ. ಅಮೆಜಾನಿನ ಸರ್ವರುಗಳ ದೊಡ್ಡ ಠಾಣ್ಯವಿರುವುದು ಆ ಭಾಗದಲ್ಲೇ. ಬಾಡಿಗೆ ಕಂಪ್ಯೂಟರಿನಲ್ಲಿ ಕೂತ ಬಾಟ್‌ಗಳು ಜಗತ್ತಿನ ಸಣ್ಣ ವೆಬ್‌ಸೈಟುಗಳಿಗೆಲ್ಲ ಅಲ್ಲಿಂದ ದಂಡೆತ್ತಿ ಬರುತ್ತವೆ. ನಿಮ್ಮ ಅಭಿಮಾನಿಗಳು ಕಬ್ಬಿಣದ ಕಪಾಟುಗಳು ಭಾವಯ್ಯ, ಎಂದೆ.

ಆದರೆ ಇಲ್ಲೊಂದು ತಮಾಷೆಯಿದೆ. ಆಶ್‌ಬರ್ನ್ ಸುತ್ತಮುತ್ತ ಭಾರತೀಯರೂ ನಿಜವಾಗಿಯೇ ಸಾಕಷ್ಟಿದ್ದಾರೆ. ವಾಷಿಂಗ್ಟನ್ ಪ್ರದೇಶದ ಕನ್ನಡಿಗರಿಗೆ 'ಕಾವೇರಿ' ಎಂಬ ಸಂಘವೇ ಇದೆ. ಹಾಗಾಗಿ ಅಲ್ಲಿಂದ ಬಂದ ಏಳೆಂಟರಲ್ಲಿ ಒಬ್ಬರಾದರೂ ಹಪ್ಪಳ ಸಂಡಿಗೆಯ ನೆನಪಾಗಿ ಬಂದ ಮನುಷ್ಯರಿರಬಹುದು. ಗುರುತಿಸುವುದು ಕಷ್ಟವೇನಲ್ಲ. ಯಂತ್ರ ಬಂದರೆ ಒಂದೇ ಪುಟ, ಸೊನ್ನೆ ಸೆಕೆಂಡು, ಪ್ರತಿದಿನ ಅದೇ ಹೊತ್ತು. ಮನುಷ್ಯರು ಬಂದರೆ ಮೊದಲು ಬೆಲೆ ನೋಡುತ್ತಾರೆ, ಆಮೇಲೆ "ವಿದೇಶಕ್ಕೆ ಕಳಿಸುತ್ತೀರಾ" ಎಂಬ ಪುಟಕ್ಕೆ ಹೋಗುತ್ತಾರೆ, ಕಳಿಸುವ ಖರ್ಚು ನೋಡಿ ನಿಟ್ಟುಸಿರು ಬಿಡುವಷ್ಟು ಹೊತ್ತು ಅಲ್ಲೇ ನಿಲ್ಲುತ್ತಾರೆ. ಹಾಗೆ ನಿಂತವರು ವಾರಕ್ಕೊಬ್ಬರು ಸಿಕ್ಕರು. ಭಾವ ದರಪಟ್ಟಿಯನ್ನು ಎಸೆಯದೆ ಮಡಿಚಿ ಒಳಗಿಟ್ಟರು.

ಊರಿನ ಹೆಸರನ್ನು ನಂಬಿ ಕೂತರೆ ಎಂತೆಂಥ ಅವಾಂತರ ಆಗುತ್ತದೆ ಎನ್ನುವುದಕ್ಕೆ ಅಮೆರಿಕದ ಕ್ಯಾನ್ಸಸ್‌ನಲ್ಲಿ ಒಂದು ತೋಟದಮನೆ ಸಾಕ್ಷಿ. ಐಪಿ ವಿಳಾಸ ನೋಡಿ ಊರು ಹೇಳುವ ಮ್ಯಾಕ್ಸ್‌ಮೈಂಡ್ ಎಂಬ ಕಂಪನಿ, "ಅಮೆರಿಕ ಎನ್ನುವುದು ಗೊತ್ತು, ಅಮೆರಿಕದಲ್ಲಿ ಎಲ್ಲಿ ಎನ್ನುವುದು ಗೊತ್ತಿಲ್ಲ" ಎನ್ನುವ ವಿಳಾಸಗಳಿಗೆಲ್ಲ ದೇಶದ ಹೆಚ್ಚುಕಡಿಮೆ ನಟ್ಟನಡುವಿನ ಒಂದು ಬಿಂದುವನ್ನು ಕೊಟ್ಟುಬಿಟ್ಟಿತ್ತು. ಆ ಬಿಂದು ಪಾಟ್ವಿನ್ ಎಂಬ ಹಳ್ಳಿಯ ಹತ್ತಿರದ ಒಂದು ಹೊಲಕ್ಕೆ ಬಿತ್ತು. 60 ಕೋಟಿಗೂ ಹೆಚ್ಚು ಐಪಿ ವಿಳಾಸಗಳು ಆ ಹೊಲದಲ್ಲಿ! ಎಲ್ಲೋ ಯಾರೋ ಮೋಸ ಮಾಡಿದರೆ, ಎಲ್ಲೋ ಯಾರೋ ಮನೆಬಿಟ್ಟು ಓಡಿಹೋದರೆ, ಪೊಲೀಸರು ಬಂದು ತಟ್ಟುತ್ತಿದ್ದದ್ದು ಆ ಬಡಪಾಯಿಗಳ ಬಾಗಿಲು. 2016ರಲ್ಲಿ ಪತ್ರಕರ್ತೆ ಕಶ್ಮೀರ್ ಹಿಲ್ ಬರೆದ ಮೇಲೆ ವಿಷಯ ಬಯಲಾಗಿ, ಕಂಪನಿ ಬಿಂದುವನ್ನು ಒಯ್ದು ಕೆರೆಯೊಂದರ ನಡುವೆ ಇಟ್ಟಿತು. ಮೀನುಗಳಿಗೆ ಪೊಲೀಸರ ಭಯವಿಲ್ಲವಲ್ಲ.

ನಮ್ಮಲ್ಲೂ ಮೊಬೈಲ್ ಇಂಟರ್ನೆಟ್ಟಿನ ಕಥೆ ಹೆಚ್ಚು ಬೇರೆಯಲ್ಲ. ಹೊಸನಗರದಲ್ಲಿ ಕೂತು ನೋಡಿದವನ ಸಂಪರ್ಕ ಕಂಪನಿಯ ದೊಡ್ಡ ಊರಿನ ದ್ವಾರದಿಂದ ಹೊರಗೆ ಹೋಗುತ್ತದೆ. ಲೆಕ್ಕದಲ್ಲಿ ಅವನು ಬೆಂಗಳೂರಿನವನು, ಒಮ್ಮೊಮ್ಮೆ ಚೆನ್ನೈಯವನು. ದೇಶದ ಹೆಸರನ್ನು ಬಹುಮಟ್ಟಿಗೆ ನಂಬಬಹುದು, ಊರಿನ ಹೆಸರನ್ನು ಮದುವೆ ದಲ್ಲಾಳಿಯ ಮಾತಿನಷ್ಟೇ ನಂಬಬೇಕು.

ಇಷ್ಟಾದರೂ ಸಾಗರ ಎಂದೇ ತೋರಿಸಿದ ಒಬ್ಬ ವ್ಯಕ್ತಿಯಿದ್ದ. ಮಹಾ ನಿಷ್ಠಾವಂತ. ಬೆಳಿಗ್ಗೆ ಕಾಫಿ ಹೊತ್ತಿಗೆ, ಮಧ್ಯಾಹ್ನ ಊಟದ ಮೇಲೆ, ರಾತ್ರಿ ಮಲಗುವ ಮುಂಚೆ ತಪ್ಪದೆ ಬರುತ್ತಾನೆ, ಎಲ್ಲ ಪುಟ ನೋಡುತ್ತಾನೆ, ಏನೂ ಕೊಳ್ಳುವುದಿಲ್ಲ. "ಇವನು ನಮ್ಮ ಮಸಾಲೆ ಗುಟ್ಟು ಕದಿಯಲಿಕ್ಕೆ ಬಂದ ಎದುರಾಳಿಯೇ ಸೈ" ಎಂದು ಭಾವ ಒಬ್ಬಿಬ್ಬರ ಮೇಲೆ ಗುಮಾನಿಯನ್ನೂ ಪಟ್ಟರು. ಅವನು ಬಂದ ಫೋನಿನ ಮಾಡೆಲ್ ಯಾವುದು ನೋಡಿ ಎಂದೆ. ನೋಡಿದರು. ಕೈಯಲ್ಲಿದ್ದ ಫೋನನ್ನೂ ನೋಡಿಕೊಂಡರು. ಅಕ್ಕ ಆ ದಿನ ಬಡಿಸುವಾಗಲೂ ನಗುತ್ತಿದ್ದಳು. ಸಣ್ಣ ವ್ಯಾಪಾರದ ವೆಬ್‌ಸೈಟಿಗೆ ಮಾಲೀಕನಷ್ಟು ಹಾಜರಿ ಹಾಕುವವರು ಯಾರೂ ಇಲ್ಲ. ಅವನ ಹಿಂದೆ ವೆಬ್‌ಸೈಟ್ ಮಾಡಿಕೊಟ್ಟ ಹುಡುಗ, ಆಮೇಲೆ ಮಾಲೀಕನ ಮಕ್ಕಳು. ಇವರನ್ನು ಲೆಕ್ಕದಿಂದ ಹೊರಗಿಡುವ ವ್ಯವಸ್ಥೆ ಅನಲಿಟಿಕ್ಸಿನಲ್ಲೇ ಇದೆ, ಮೊದಲು ಮಾಡಬೇಕಾದ ಕೆಲಸವೂ ಅದೇ. ಮಾಡಿದರೆ ಸಂಖ್ಯೆ ಇಳಿಯುತ್ತದೆ, ಅದಕ್ಕೇ ಯಾರೂ ಮಾಡುವುದಿಲ್ಲ.

ಇನ್ನು ಒಬ್ಬ ಎಂದರೆ ಒಬ್ಬನೇ ಎಂದೇನೂ ಅಲ್ಲ. ಬಂದವರ ಬ್ರೌಸರಿನಲ್ಲಿ ಕುಕೀ ಎಂಬ ಚೀಟಿ ಬಿಟ್ಟು, ಮತ್ತೆ ಬಂದಾಗ ಅದನ್ನು ನೋಡಿ ಗುರುತು ಹಿಡಿಯುವ ಉಪಾಯವನ್ನು 1994ರಲ್ಲಿ ನೆಟ್‌ಸ್ಕೇಪ್ ಕಂಪನಿಯ ಲೂ ಮೊಂಟುಲಿ ಹುಡುಕಿದರು. ಉಪಾಯ ಒಳ್ಳೆಯದೇ. ಆದರೆ ಮೈಸೂರಿನ ಚಿಕ್ಕಮ್ಮ ಫೋನಿನಲ್ಲಿ ನೋಡಿ, ಮಗನ ಲ್ಯಾಪ್‌ಟಾಪಿನಲ್ಲಿ ಕೊಂಡರೆ ಇಬ್ಬರು. ಒಂದೇ ಟ್ಯಾಬ್ಲೆಟ್ಟಿನಲ್ಲಿ ಅಜ್ಜ, ಸೊಸೆ, ಮೊಮ್ಮಗಳು ನೋಡಿದರೆ ಮೂವರೂ ಸೇರಿ ಒಬ್ಬರು. ಐಫೋನಿನ ಸಫಾರಿಗೆ ಇಂಥ ಚೀಟಿಯ ಮೇಲೆ ವಿಶ್ವಾಸವಿಲ್ಲ; ಏಳು ದಿನ ಆ ಕಡೆ ಸುಳಿಯದಿದ್ದರೆ ಚೀಟಿ ಹರಿದು ಹಾಕುತ್ತದೆ. ಹತ್ತು ದಿನಕ್ಕೊಮ್ಮೆ ತಪ್ಪದೆ ಬರುವ ಗಿರಾಕಿ ಪ್ರತಿಸಲವೂ "ಹೊಸಬರು" ಆಗುತ್ತಾರೆ. "ಹೊಸಬರು ಬರ್ತಾ ಇದಾರೆ, ಹಳಬರು ಬರ್ತಾ ಇಲ್ಲ, ರುಚಿ ಕೆಟ್ಟಿದೆಯಾ?" ಎಂದು ಭಾವ ಕೇಳಿದ್ದು, ಅಕ್ಕನ ಕಿವಿಗೆ ಬಿದ್ದದ್ದು, ಆಮೇಲೆ ಎರಡು ದಿನ ಊಟಕ್ಕೆ ಉಪ್ಪಿನಕಾಯಿ ಬೀಳದೇ ಹೋದದ್ದು ಎಲ್ಲ ಈ ಸಫಾರಿಯ ದೆಸೆಯಿಂದ.

ಲೆಕ್ಕದ ಅನ್ಯಾಯ ಇಷ್ಟಕ್ಕೇ ನಿಲ್ಲಲಿಲ್ಲ. 2023ರ ಜುಲೈವರೆಗೆ ನಡೆಯುತ್ತಿದ್ದ ಹಳೆಯ ಅನಲಿಟಿಕ್ಸಿನಲ್ಲಿ ಸಮಯ ಅಳೆಯುತ್ತಿದ್ದದ್ದು ಎರಡು ಕ್ಲಿಕ್ಕಿನ ನಡುವೆ. ಯಾರೋ ಪುಣ್ಯಾತ್ಮರು ಒಂದೇ ಪುಟವನ್ನು ಕಾಲು ಗಂಟೆ ಓದಿ, ತೃಪ್ತರಾಗಿ ಎದ್ದುಹೋದರೆ ಲೆಕ್ಕದಲ್ಲಿ ಸೊನ್ನೆ ಸೆಕೆಂಡು. ಬಂದಂತೆಯೇ ಓಡಿದವರು ಎಂಬ ಪಟ್ಟಿಗೆ ಸೇರ್ಪಡೆ. ಈಗಿನದ್ದರಲ್ಲಿ ಹತ್ತು ಸೆಕೆಂಡು ದಾಟಿದರೆ ಮನಸ್ಸಿಟ್ಟು ನೋಡಿದವರು ಎಂಬ ಗೌರವ ಸಿಗುತ್ತದೆ. ಹತ್ತು ಸೆಕೆಂಡಿನಲ್ಲಿ ನಮ್ಮ ಭಾವ ಕನ್ನಡಕ ಹುಡುಕಿ ಮುಗಿಸುವುದಿಲ್ಲ.

ಎಲ್ಲಕ್ಕಿಂತ ಭಾವನಿಗೆ ಪ್ರಿಯವಾದ ಸಾಲು 'ಡೈರೆಕ್ಟ್'. ಅರ್ಧಕ್ಕಿಂತ ಹೆಚ್ಚು ಜನ ಡೈರೆಕ್ಟ್ ಆಗಿ ಬಂದವರಂತೆ. "ನೋಡು, ನಮ್ಮ ವಿಳಾಸ ಜನರಿಗೆ ಬಾಯಿಪಾಠ ಆಗಿದೆ." ಆ ವಿಳಾಸವನ್ನು ಸ್ವತಃ ಭಾವನೇ ಒಂದು ಸಲಕ್ಕೆ ಸರಿಯಾಗಿ ಟೈಪ್ ಮಾಡಿದ್ದನ್ನು ನಾನು ಕಂಡಿಲ್ಲ. ಉಪ್ಪಿನಕಾಯಿಯನ್ನು ಇಂಗ್ಲಿಷ್ ಅಕ್ಷರದಲ್ಲಿ ಬರೆಯುವಾಗ ಪಿ ಎಷ್ಟು, ಕೊನೆಯಲ್ಲಿ ವೈ ಬೇಕೋ ಬೇಡವೋ ಎಂಬ ವಿಷಯದಲ್ಲಿ ಅವರಲ್ಲೇ ಇನ್ನೂ ಒಮ್ಮತ ಮೂಡಿಲ್ಲ. ಡೈರೆಕ್ಟ್ ಎಂದರೆ "ಎಲ್ಲಿಂದ ಬಂದರೋ ನನಗೆ ಗೊತ್ತಿಲ್ಲ" ಎಂದು ಯಂತ್ರ ಮರ್ಯಾದೆಯಿಂದ ಹೇಳುವ ರೀತಿ, ಅಷ್ಟೆ. ವಾಟ್ಸ್ಯಾಪಿನಲ್ಲಿ ಒಬ್ಬರು ಕಳಿಸಿದ ಕೊಂಡಿ ಒತ್ತಿ ಬಂದವರು ಸಾಮಾನ್ಯವಾಗಿ ಈ ಗುಂಪಿಗೇ ಬೀಳುತ್ತಾರೆ. ಹೀಗೆ ಕಣ್ಣಿಗೆ ಬೀಳದೆ ಹರಡುವುದಕ್ಕೆ 2012ರಲ್ಲಿ ಅಲೆಕ್ಸಿಸ್ ಮ್ಯಾಡ್ರಿಗಲ್ ಎಂಬ ಪತ್ರಕರ್ತ 'ಡಾರ್ಕ್ ಸೋಶಿಯಲ್' ಎಂದು ಹೆಸರಿಟ್ಟರು. ಮಲೆನಾಡಿನಲ್ಲಿ ವ್ಯಾಪಾರವೆಲ್ಲ ಅದರಲ್ಲೇ ನಡೆಯುವುದು. ಗೃಹಪ್ರವೇಶದ ಊಟದಲ್ಲಿ ಮಿಡಿ ಕಚ್ಚಿದವರು "ಎಲ್ಲಿಯದು ಇದು?" ಎಂದು ಪಕ್ಕದವರನ್ನು ಕೇಳಿ, ಪಕ್ಕದವರು ಕೈತೊಳೆದು ಬಂದು ಕೊಂಡಿ ಕಳಿಸಿದರೆ, ಯಾವ ಗ್ರಾಫಿಗೆ ಗೊತ್ತಾಗಬೇಕು?

ಒಂದು ಉಪಾಯವಿದೆ. ಕೊಂಡಿ ಕಳಿಸುವಾಗಲೇ ಅದರ ಹಿಂದೆ ಯುಟಿಎಂ ಎಂಬ ಬಾಲ ಸೇರಿಸಿದರೆ, ಬಂದವರು ಯಾವ ಬಾಲ ಹಿಡಿದು ಬಂದರೆಂದು ತಿಳಿಯುತ್ತದೆ. ಯು ಅಂದರೆ ಆ ಹಳೆಯ ಅರ್ಚಿನ್. ಕಂಪನಿ ಹೋದರೂ ಬಾಲ ಉಳಿದಿದೆ. ಕುಟುಂಬದ ಗುಂಪಿಗೆ ಒಂದು ಬಾಲ, ದೇವಸ್ಥಾನ ಸಮಿತಿಯ ಗುಂಪಿಗೆ ಒಂದು, ಬೆಂಗಳೂರಿನಲ್ಲಿ ನಮ್ಮ ಅಪಾರ್ಟ್‌ಮೆಂಟಿನ ಗುಂಪಿಗೆ ಒಂದು ಕಟ್ಟಿ ಬಿಟ್ಟೆವು. ಫಲಿತಾಂಶ ಬಂತು. ಕುಟುಂಬದ ಗುಂಪಿನಿಂದ ಅತಿ ಹೆಚ್ಚು ಜನ, ಒಂದೂ ಬಾಟಲಿ ಇಲ್ಲ. ಅವರಿಗೆಲ್ಲ ಅಕ್ಕ ಹೇಗೂ ಡಬ್ಬಿ ತುಂಬಿ ಕೊಡುತ್ತಾಳೆ. ಬೆಲೆ ಎಷ್ಟು ಇಟ್ಟಿದ್ದಾರೆ ನೋಡೋಣ ಎಂದು ಬಂದದ್ದು, ನೋಡಿ ಬೆರಗಾಗಿ ಹೋದದ್ದು. ದೇವಸ್ಥಾನ ಸಮಿತಿಯವರು ಬಂದು, ಮುಖಪುಟದಲ್ಲಿ ಭಾವನ ಫೋಟೊ ಮೂರು ಯಾಕೆ ಎಂದು ಸಭೆಯಲ್ಲಿ ಕೇಳಿದರು. ಅಪಾರ್ಟ್‌ಮೆಂಟಿನಿಂದ ಬಂದವರು ಬೆರಳೆಣಿಕೆಯವರು, ಆದರೆ ಅರ್ಧಕ್ಕರ್ಧ ಕೊಂಡರು. ಮೂರನೆಯ ಮಹಡಿಯ ತಮಿಳು ಮಾಮಿ ಒಬ್ಬರೇ ನಾಲ್ಕು ಬಾಟಲಿ. ಅವರ ವಡು ಮಾಂಗಾಯಿಗೂ ನಮ್ಮ ಮಿಡಿಗೂ ನೆಂಟಸ್ತನ ಇದೆಯಲ್ಲ.

ಬಂದವರು ಯಾರೆಂದು ತಿಳಿಯಲು, ನನ್ನನ್ನು ಕೇಳಿದರೆ, ಅನಲಿಟಿಕ್ಸಿಗಿಂತ ಸರ್ಚ್ ಕನ್ಸೋಲ್ ಲೇಸು. ಅದು ಗೂಗಲ್‌ನದೇ, ಅದೂ ಪುಕ್ಕಟೆ, ಆದರೆ ಸಣ್ಣ ವ್ಯಾಪಾರದವರು ಅದರ ಕಡೆ ತಿರುಗಿಯೂ ನೋಡುವುದಿಲ್ಲ, ಯಾಕೆಂದರೆ ಅದರಲ್ಲಿ ಭೂಪಟ ಮಿನುಗುವುದಿಲ್ಲ. ಜನ ಗೂಗಲ್‌ನಲ್ಲಿ ಏನೆಂದು ಟೈಪ್ ಮಾಡಿ ನಿಮ್ಮಲ್ಲಿಗೆ ಬಂದರು ಎನ್ನುವುದು ಅಲ್ಲಿ ಕಾಣುತ್ತದೆ. ತೀರ ಅಪರೂಪದ ಪ್ರಶ್ನೆಗಳನ್ನು, ಕೇಳಿದವರ ಗುರುತು ಸಿಕ್ಕೀತೆಂದು, ಅದು ಮುಚ್ಚಿಡುತ್ತದೆ. ಉಳಿದದ್ದೇ ಸಾಕು. ಮನುಷ್ಯ ಅಂಗಡಿಯವನ ಎದುರು ನಾಚಿಕೊಂಡಾನು, ಹುಡುಕಾಟದ ಪೆಟ್ಟಿಗೆಯ ಎದುರು ನಾಚುವುದಿಲ್ಲ.

ಭಾವನ ಉಪ್ಪಿನಕಾಯಿ ಪುಟಕ್ಕೆ ಬಂದವರು ಕೇಳಿದ ಪ್ರಶ್ನೆಗಳ ಪಟ್ಟಿಯನ್ನು ನಾವು ಮೂವರೂ ಜಗಲಿಯಲ್ಲಿ ಕೂತು ಓದಿದೆವು. "ಅಪ್ಪೆಮಿಡಿ ಉಪ್ಪಿನಕಾಯಿ ಬೆಲೆ" ಎಂದು ಕೇಳಿದವರು ಕೆಲವರು. "ಮಾವಿನ ಮಿಡಿ ಉಪ್ಪಿನಕಾಯಿ ಮಾಡುವುದು ಹೇಗೆ" ಎಂದವರು ಅದರ ಹತ್ತರಷ್ಟು. ಅಂದರೆ ಬಂದವರಲ್ಲಿ ಬಹುಪಾಲು ಕೊಳ್ಳುವವರಲ್ಲ, ತಾವೇ ಹಾಕುವವರು! ಫೆಬ್ರವರಿಯಿಂದ ಏಪ್ರಿಲ್‌ವರೆಗೆ ಮಿಡಿಯ ಕಾಲ. ಗ್ರಾಫ್ ಆಗಲೇ ನೆಗೆದದ್ದು. ಅದನ್ನು ನೋಡಿ ಭಾವ ಹೆಚ್ಚುವರಿ ಬಾಟಲಿ ತರಿಸಿದ್ದರು. ಬಂದವರು ಅಕ್ಕನ ಉಪ್ಪಿನ ಅಳತೆ ಬರೆದುಕೊಂಡು, ತಮ್ಮ ಜಾಡಿ ತೊಳೆಯಲು ಹೋಗಿದ್ದರು.

ಭಾವನಿಗೆ ಸಿಟ್ಟು ಬಂತು. "ಆ ಪುಟ ತೆಗೆದುಹಾಕು, ನಮ್ಮ ವ್ಯಾಪಾರಕ್ಕೆ ಕಲ್ಲು." ಅಕ್ಕ ಸುಮ್ಮನೆ ಪಟ್ಟಿಯ ಇನ್ನೊಂದು ಸಾಲಿನ ಮೇಲೆ ಬೆರಳಿಟ್ಟಳು. "ಉಪ್ಪಿನಕಾಯಿ ಮೇಲೆ ಬಿಳಿ ಬೂಸ್ಟು ಬಂದರೆ ಏನು ಮಾಡಬೇಕು." ಜೂನ್ ಜುಲೈ ಹೊತ್ತಿಗೆ, ಮಳೆ ಹಿಡಿದ ಮೇಲೆ ಈ ಪ್ರಶ್ನೆ ಸಾಲುಗಟ್ಟಿ ಬಂದಿತ್ತು. ಉಪ್ಪು ಕಡಿಮೆ ಹಾಕಿದವರು, ಒದ್ದೆ ಸೌಟು ಅದ್ದಿದವರು, ಮಿಡಿ ರಸದ ಮೇಲೆ ತೇಲಲು ಬಿಟ್ಟವರು. "ಇವರೇ ಮಾರ್ಚಲ್ಲಿ ನನ್ನ ಅಳತೆ ಬರ್ಕೊಂಡು ಹೋದವರು. ಹೇಳಿದ್ದಕ್ಕಿಂತ ಉಪ್ಪು ಕಮ್ಮಿ ಹಾಕಿದಾರೆ, ಬಿಪಿ ಅಂತ. ಈಗ ಜಾಡಿ ಹಿತ್ತಿಲಿಗೆ ಚೆಲ್ಲಿ ನಮ್ಮ ಹತ್ರ ಬರ್ತಾರೆ, ನೋಡ್ತಾ ಇರಿ." ಬೂಸ್ಟಿನ ವಿಷಯವಾಗಿ ಅವಳು ಒಂದು ಪುಟ ಬರೆಸಿದಳು. ಕೊನೆಯಲ್ಲಿ, ಇಷ್ಟೆಲ್ಲ ಆದಮೇಲೂ ಸರಿಹೋಗದಿದ್ದರೆ ಇಲ್ಲಿ ಸಿಗುತ್ತದೆ ಎಂದು ಬಾಟಲಿಯ ಕೊಂಡಿ. ವೆಬ್‌ಸೈಟಿನಲ್ಲಿ ಈಗ ಅತಿ ಹೆಚ್ಚು ಮಾರಾಟ ತರುವ ಪುಟ ಅದೇ, ಭಾವನ ಫೋಟೊ ಇಲ್ಲದ ಏಕೈಕ ಪುಟವೂ ಅದೇ.

ಪಟ್ಟಿಯಲ್ಲಿ ಇನ್ನೊಂದು ಪ್ರಶ್ನೆಯಿತ್ತು, ಯಾರೂ ಎಣಿಸದ್ದು: "ಉಪ್ಪಿನಕಾಯಿ ವಿಮಾನದಲ್ಲಿ ತೆಗೆದುಕೊಂಡು ಹೋಗಬಹುದಾ." ಜುಲೈ, ಆಗಸ್ಟ್‌ನಲ್ಲಿ ಏರುತ್ತದೆ. ಮಗಳು ಓದಲು ಅಮೆರಿಕಕ್ಕೆ ಹೊರಡುವ ಹೊತ್ತು, ತಾಯಿ ರಾತ್ರಿ ಹನ್ನೊಂದು ಗಂಟೆಗೆ ಸೂಟ್‌ಕೇಸಿನ ಮುಂದೆ ಕೂತು ಕೇಳಿದ ಪ್ರಶ್ನೆ ಅದು. ಅಂತಾರಾಷ್ಟ್ರೀಯ ವಿಮಾನದಲ್ಲಿ ಕೈಚೀಲದೊಳಗೆ 100 ಮಿಲಿಲೀಟರಿಗಿಂತ ದೊಡ್ಡ ದ್ರವದ ಬಾಟಲಿ ಬಿಡುವುದಿಲ್ಲ. ದೊಡ್ಡ ಪೆಟ್ಟಿಗೆಯಲ್ಲಿ ಹಾಕಿದರೆ ಸೀರೆ, ಶರಟುಗಳಿಗೆ ಸಾಸಿವೆ ರಸದ ಭಯ. ಈ ತಾಯಿಗೆ ಅಪ್ಪೆಮಿಡಿಯ ಮಹಿಮೆ ವರ್ಣಿಸಬೇಕಾಗಿಲ್ಲ. ಸೋರುವುದಿಲ್ಲ ಎಂದು ಹೇಳಿದರೆ ಸಾಕು. ಅಕ್ಕ ಗಾಜಿನ ಬಾಟಲಿ ಬಿಟ್ಟು, ಶಾಖದಿಂದ ಬಾಯಿ ಮುಚ್ಚುವ ದಪ್ಪ ಪೊಟ್ಟಣ, ಅದರ ಮೇಲೊಂದು ಪೊಟ್ಟಣ ಮಾಡಿಸಿದಳು. ವ್ಯಾಪಾರ ಯಾರದು ಎನ್ನುವ ತಕರಾರು ಅಂದಿನಿಂದ ಒಂದು ತೀರ್ಮಾನಕ್ಕೆ ಬಂದ ಹಾಗಿದೆ.

ಭಾವ ಸುಮ್ಮನೆ ಕೂರುವವರಲ್ಲ. ಮೈಕ್ರೋಸಾಫ್ಟಿನ ಕ್ಲ್ಯಾರಿಟಿ ಎಂಬ ಇನ್ನೊಂದು ಪುಕ್ಕಟೆ ಸಲಕರಣೆಯಿದೆ, 2020ರಲ್ಲಿ ಬಂದದ್ದು. ಬಂದವರು ಎಲ್ಲಿ ಒತ್ತಿದರು, ಎಷ್ಟು ಕೆಳಗೆ ಜಾರಿಸಿದರು ಎನ್ನುವುದನ್ನೆಲ್ಲ ಸಿನಿಮಾದ ಹಾಗೆ ಮತ್ತೆ ತೋರಿಸುತ್ತದೆ. ಭಾವನ ಸಂಜೆಯ ಧಾರಾವಾಹಿಗೆ ಅಂದೇ ಮಂಗಳ. ನಾನೂ ಒಂದು ಕಂತು ನೋಡಿದೆ. ಯಾರೋ ಫೋನಿನಲ್ಲಿ ಬಂದಿದ್ದಾರೆ. ಬೆಲೆಯ ಹತ್ತಿರ ನಿಂತರು. ಮೇಲೆ ಹೋದರು. ಬಾಟಲಿಯ ಚಿತ್ರ ಒತ್ತಿದರು. ಮತ್ತೆ ಒತ್ತಿದರು. ಮತ್ತೂ ನಾಲ್ಕು ಸಲ ಕುಟ್ಟಿದರು. "ಅದನ್ನು ಯಾಕೆ ಒತ್ತುತೀರಿ, ಕೆಳಗೆ ಒತ್ತಿ, ಹಸಿರು ಬಟನ್ನು, ಅಲ್ಲೇ ಇದೆಯಲ್ಲ!" ಎಂದು ಭಾವ ನಿನ್ನೆ ಮುಗಿದುಹೋದ ದೃಶ್ಯಕ್ಕೆ ಕೂಗುತ್ತಿದ್ದರು. ಪಾಪದ ಗಿರಾಕಿಗೆ ಬೇಕಾದದ್ದು ಇಷ್ಟೇ: ಚಿತ್ರ ದೊಡ್ಡದಾಗಬೇಕು, ಮಿಡಿಗೆ ತೊಟ್ಟು ಇದೆಯೋ ಇಲ್ಲವೋ ಕಾಣಬೇಕು. ತಿಳಿದ ಗಿರಾಕಿ. ಚಿತ್ರ ದೊಡ್ಡದಾಗಲಿಲ್ಲ, ಅವರು ಹೋದರು. ಮರುದಿನ ವೆಬ್‌ಸೈಟಿನ ಹುಡುಗನಿಗೆ ಹೇಳಿ ಒತ್ತಿದರೆ ದೊಡ್ಡದಾಗುವ ಹಾಗೆ ಮಾಡಿಸಿದ್ದಾಯಿತು.

ಅಕ್ಕನಿಗೆ ಈ ಸಿನಿಮಾ ಹಿಡಿಸಲಿಲ್ಲ. "ಬಂದವರ ಬೆನ್ನ ಹಿಂದೆ ನಿಂತು ನೋಡೋದು ಎಂತ ಚಂದ?" ಹೆಸರು ಕಾಣುವುದಿಲ್ಲ, ಟೈಪ್ ಮಾಡಿದ ಅಕ್ಷರಗಳನ್ನೂ ಅದು ಮರೆಮಾಡುತ್ತದೆ ಎಂದು ಭಾವ ವಾದಿಸಿದರು. ಹೆಸರು ಇಲ್ಲದಿದ್ದರೆ ಗುರುತೂ ಇಲ್ಲ ಎನ್ನುವ ವಾದ ಅಷ್ಟು ಗಟ್ಟಿಯಲ್ಲ. 2006ರಲ್ಲಿ ಎಓಎಲ್ ಕಂಪನಿ ಆರೂವರೆ ಲಕ್ಷ ಜನರ ಹುಡುಕಾಟದ ಪದಗಳನ್ನು, ಹೆಸರು ತೆಗೆದು ಬರೀ ನಂಬರ್ ಹಾಕಿ, ಸಂಶೋಧಕರಿಗೆಂದು ಬಿಡುಗಡೆ ಮಾಡಿತ್ತು. ನ್ಯೂಯಾರ್ಕ್ ಟೈಮ್ಸ್ ವರದಿಗಾರರು ಒಂದು ನಂಬರಿನವರು ಹುಡುಕಿದ ಪದಗಳನ್ನಷ್ಟೇ ಓದುತ್ತ ಹೋಗಿ ಕೆಲವೇ ದಿನಗಳಲ್ಲಿ ಆ ಮಹಿಳೆಯ ಮನೆ ಬಾಗಿಲಿಗೆ ತಲುಪಿದರು. ನಮ್ಮಲ್ಲೂ 2023ರಲ್ಲಿ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣೆಗೆ ಕಾಯ್ದೆ ಬಂದಿದೆ. ತಪ್ಪಿಗೆ ದಂಡ 250 ಕೋಟಿ ರೂಪಾಯಿವರೆಗೂ ಹೋಗಬಹುದು. ಆ ಅಂಕಿ ಕೇಳಿದ ಮೇಲೆ ಭಾವ, ನಾವು ಏನೇನು ಗಮನಿಸುತ್ತೇವೆ ಎಂದು ತಿಳಿಸುವ ಪುಟವೊಂದನ್ನು ತಾವಾಗಿಯೇ ಹಾಕಿಸಿದರು. ಎಷ್ಟು ಬಾಟಲಿ ಮಾರಿದರೆ 250 ಕೋಟಿ ಎಂಬ ಲೆಕ್ಕವನ್ನು ಕ್ಯಾಲೆಂಡರಿನ ಹಿಂಬದಿಯಲ್ಲಿ ಮಾಡಿಟ್ಟಿದ್ದಾರೆ.

ಈ ನಡುವೆ ಫೋನಿನಲ್ಲಿ ಒಬ್ಬರು, "ಸರ್, ತಿಂಗಳಿಗೆ ಹತ್ತು ಸಾವಿರ ವಿಸಿಟರ್ಸ್ ಗ್ಯಾರಂಟಿ" ಎಂದು ಆಸೆ ತೋರಿಸಿದ್ದರು. ಹಳೆಯ ಭಾವನಾಗಿದ್ದರೆ ಅಡ್ವಾನ್ಸ್ ಕೊಟ್ಟೇಬಿಡುತ್ತಿದ್ದರು. ಈಗ, "ಉಪ್ಪಿನಕಾಯಿ ತಿನ್ನೋ ವಿಸಿಟರ್ಸಾ, ಕರೆಂಟು ತಿನ್ನೋ ವಿಸಿಟರ್ಸಾ?" ಎಂದು ಕೇಳಿ ಆ ಮನುಷ್ಯನನ್ನು ಗಲಿಬಿಲಿ ಮಾಡಿದರಂತೆ. ಗೂಗಲ್ ಭೂಪಟದಲ್ಲಿ ಮನೆಯ ಗುರುತು ಹಾಕಿದ ಮೇಲೆ "ದಾರಿ ಕೇಳಿದವರು" ಎಂಬ ಸಂಖ್ಯೆ ಏರಿದ್ದಕ್ಕೂ ಭಾವ ಕುಣಿಯಲಿಲ್ಲ. ಜೋಗಕ್ಕೆ ಹೋಗುವ ಕಾರುಗಳು ನಡುವೆ ಎಲ್ಲಿ ನಿಲ್ಲಿಸಬಹುದೆಂದು ಹುಡುಕಿ ಬರುತ್ತವೆ, ಬಂದವರು ಮೊದಲು ಕೇಳುವುದು ಬಾತ್‌ರೂಮು. ಅವರಲ್ಲಿ ಕೆಲವರು ಹೊರಗೆ ಬಂದಮೇಲೆ ಬಾಟಲಿಯನ್ನೂ ಕೊಳ್ಳುತ್ತಾರೆ, ಸಂಕೋಚಕ್ಕಾದರೂ. ಆ ಲೆಕ್ಕಕ್ಕೆ ಅನಲಿಟಿಕ್ಸಿನಲ್ಲಿ ಕಾಲಂ ಇಲ್ಲ.

ಕೊನೆಗೆ ನಾನೇ ಹೇಳಿದೆ: ಇಷ್ಟು ಕಷ್ಟ ಯಾಕೆ, ಆರ್ಡರ್ ಮಾಡುವ ಜಾಗದಲ್ಲಿ "ನಮ್ಮ ವಿಷಯ ನಿಮಗೆ ಎಲ್ಲಿ ತಿಳಿಯಿತು?" ಎಂದು ಒಂದು ಖಾನೆ ಇಡಿ. ಇಟ್ಟರು. ಉತ್ತರಗಳು ಬರತೊಡಗಿದವು. "ಗೂಗಲ್." "ನಾದಿನಿಯ ಸೀಮಂತದಲ್ಲಿ." "ಆಫೀಸಿನಲ್ಲಿ ಪಕ್ಕದವರ ಡಬ್ಬಿ." "ಬೂಸ್ಟು." ಒಬ್ಬರು ಬರೆದಿದ್ದರು: "ಎಲ್ಲಿ ತಿಳಿದರೆ ನಿಮಗೇನು ಸ್ವಾಮಿ, ಮೊದಲು ಉಪ್ಪಿನಕಾಯಿ ಕಳಿಸಿ."

ಇಷ್ಟು ಖಡಕ್ಕಾಗಿ ಬರೆದ ಪುಣ್ಯಾತ್ಮರು ಯಾವ ಊರಿನವರಿರಬಹುದು ಎಂದು ಭಾವ ಭೂಪಟ ತೆರೆದು, ಕನ್ನಡಕ ಏರಿಸಿ ಕೂತಿದ್ದಾರೆ. ಪಾರ್ಸೆಲ್ ಕಳಿಸುವ ವಿಳಾಸ ಆರ್ಡರಿನಲ್ಲೇ ಇದೆ ಎಂದು ಅಕ್ಕ ಒಳಗಿನಿಂದ ಎರಡು ಸಲ ಕೂಗಿ ಹೇಳಿ ಆಯಿತು.